ಬೇಲದ ಬೇರು

“ಬಿರುಕು ಬಿಟ್ಟಿರೋ ಬೇಲದಣ್ಣ ಯಾಕಮ್ಮಿ ತಂದಿದ್ದೀಯೆ, ಬೇವರ್ಸಿ ಮುಂಡೆ? ನಿನ್ ಕೈ ಸೋಕಿದ್ದು ಒಳೀಕೆ ಓಗಿಲ್ವಾ?” ಎಂದು ಪಟೇಲ ಪುಟ್ಟಬಸವಯ್ಯ ಬುಟ್ಟಿಯನ್ನು ಒದ್ದ.

ಬೇಲದ ಹಣ್ಣುಗಳು ಹಿತ್ತಲ ತುಂಬ ಉರುಳಿದವು. ಮರಿತಾಯಮ್ಮ ಬಗ್ಗಿ ಬಗ್ಗಿ ಹೆಕ್ಕಿದಳು. ರಾಮನವಮಿಯ ಪಾನಕಕ್ಕೆ ವರ್ಷವೂ ಹಣ್ಣು ಆಯ್ದು ತರುವುದು ಕೇರಿಯ ಅವಳದೇ ಬಿಟ್ಟಿ ಕೆಲಸ. ಚಿಪ್ಪು ಗಟ್ಟಿಯಿದ್ದರೆ ಮೈಲಿಗೆಯಿಲ್ಲ, ನಾಲ್ಕು ಹನಿ ನೀರು ಚಿಮುಕಿಸಿದರೆ ಮುಗಿಯಿತು. ಒಡೆದದ್ದು ತಿಪ್ಪೆಗೆ. ಆ ಊರಿನ ಮಡಿ ಅಂಥದ್ದು.

ಹಬ್ಬದ ಮಾರನೆಯ ದಿನವೇ ಈ ಹಣ್ಣು ಬಿಡುವ ಕಲ್ಲುಗುಡ್ಡೆಯ ಬೇಲದ ಮರವನ್ನು ಬೇರುಸಮೇತ ಕೀಳಿಸುತ್ತೇನೆ ಎಂದ ಪಟೇಲ. ಕಲ್ಲುಗುಡ್ಡೆಯ ಪಹಣಿ ಅವನ ಹೆಸರಿಗೆ ಬಂದಿತ್ತು. ತಾಂಡ್ಯದ ಕಾರ್ಖಾನೆ ಕಡೆಯವರು ಯಾರೋ ಗೋಡೌನಿಗೆ ಆ ಜಾಗ ಕೇಳಿದ್ದರು. ಮರ ತನ್ನದು, ಬಿಡಬೇಕು ಎಂದು ಅವಳು ನೆಲಕ್ಕೆ ಹಣೆ ಹಚ್ಚಿ ಬೇಡಿದಳು. ದಾಖಲೆ ತೋರಿಸು ಎಂದು ಅವನು ನಕ್ಕ.

ಇಪ್ಪತ್ತೆರಡು ವರ್ಷದ ಹಿಂದೆ ವಾಂತಿಭೇದಿಯಲ್ಲಿ ಹೋದ ಮಗಳನ್ನು ಹೂಳಲು ಕೇರಿಗೆ ಸ್ಮಶಾನವೇ ಇರಲಿಲ್ಲ. ಕದ್ದು ಆ ಕಲ್ಲುನೆಲದಲ್ಲಿ ಹೂತಿದ್ದಳು. ಕೂಸು ಉರುಳಿಸಿ ಆಡುತ್ತಿದ್ದ ಬೇಲದ ಹಣ್ಣನ್ನೂ ಜೊತೆಗಿಟ್ಟು, ನರಿ ಕೆದಕದ ಹಾಗೆ ಮುಳ್ಳು ಮುಚ್ಚಿದ್ದಳು. ಮುಂದಿನ ಮಳೆಗೆ ಸಸಿ ಎದ್ದಿತು. ಯಾರೂ ನೀರು ಹಾಕಲಿಲ್ಲ. ಹದಿನೈದು ವರ್ಷಕ್ಕೆ ಕಾಯಿ ಬಿಟ್ಟಿತು. ಹೇಳಿದರೆ ಹೆಣ ಅಗೆಸಿಯಾರೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ರಾಮನವಮಿಯ ಮಧ್ಯಾಹ್ನ ಊರು ಮಂದಿರದ ಜಗುಲಿಯಲ್ಲಿ ಲೋಟ ಹಿಡಿದು ಕೂತಿತ್ತು. ಬೆಲ್ಲ, ಏಲಕ್ಕಿ ಬಿದ್ದ ಪಾನಕ ಘಮಗುಡುತ್ತಿತ್ತು. ಕೇರಿಯವರಿಗೆ ಬೀದಿಯಾಚೆ, ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದರು. ಮರಿತಾಯಮ್ಮ ಬೊಗಸೆ ಒಡ್ಡಲಿಲ್ಲ. ಎಷ್ಟು ಕೊಬ್ಬು ಇವಳಿಗೆ ಎಂದು ಪಟೇಲ ಬೈದು, ತನ್ನ ಲೋಟ ಎತ್ತಿದ.

“ಎಂಗ್ ಕುಡೀಲಿ ಬುದ್ದಿ? ಆ ಮರ ನನ್ನೆಣ್ಣಿನ ಎದೆ ಮ್ಯಾಲೆ ಎದ್ದದೆ. ಈ ಕೈಯಾಗೇ ಊತಿವ್ನಿ. ಏಳು ವರ್ಸದಿಂದ ನೀವೆಲ್ಲ ಅವಳ್ನೇ ಕುಡೀತಿವ್ರಿ.”

ಲೋಟಗಳು ನಿಂತಲ್ಲೇ ನಿಂತವು. ಯಾರೋ ಗಂಟಲಿಗೆ ಬೆರಳು ಹಾಕಿಕೊಂಡು ಮೋರಿಯ ಕಡೆ ಓಡಿದರು. ಪಟೇಲನ ಬಾಯಲ್ಲಿ ಒಂದು ಗುಟುಕು ಉಳಿದಿತ್ತು. ಪ್ರಸಾದ, ಉಗಿಯುವಂತಿಲ್ಲ, ನುಂಗಲೂ ಆಗದು.

“ನಾಳೆ ಬೇರು ಕೀಳ್ಸುವಾಗ ನನ್ನ ಕರೀರಿ” ಎಂದಳು. “ಮೂಳೆ ಸಣ್ಣವು ಬುದ್ದಿ, ನಿಮ್ಗೆ ಕಾಣಾಕಿಲ್ಲ. ನಾನೇ ಆಯ್ಕತೀನಿ.”