ಕುಂಕುಮ ಹಚ್ಚಿದ ಪೆಡಲ್

ಪೆಡಲ್ ಕೆಟ್ಟದ್ದು ದುರ್ಗಾಪೂಜೆಗೆ ಮೊದಲು, ಅದಕ್ಕೆ ಕುಂಕುಮ ಹಚ್ಚಿದ್ದು ಆಮೇಲೆ. ಇಂದುಮತಿ ಅಂದು ಹೇಳಬೇಕೆಂದಿದ್ದದ್ದು ಇಷ್ಟೇ. ಆದರೆ ಸಾಲ್ಟ್ ಲೇಕ್ ಬಡಾವಣೆಯ ಆ ಸೇವಾಕೇಂದ್ರದಲ್ಲಿ ಯಾವುದು ಹಿಂದೆ, ಯಾವುದು ಮುಂದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಬೆಹಾಲಾದ ಫ್ಲ್ಯಾಟಿನಲ್ಲಿ ಕುಳಿತು ಅವಳು ಮಾಡುತ್ತಿದ್ದುದು ಹೊಸ ಕಾಲದ ಕೆಲಸ. ಅಮೆರಿಕದ ವೈದ್ಯರು ರೋಗಿಗಳ ಬಗ್ಗೆ ಹೇಳಿದ್ದೆಲ್ಲ ಧ್ವನಿಯಾಗಿ ಕಂಪ್ಯೂಟರಿಗೆ ಬರುತ್ತಿತ್ತು. ಅದನ್ನು ಕಿವಿಗೊಟ್ಟು ಕೇಳಿ ಟೈಪ್ ಮಾಡಿ ಕಳಿಸಬೇಕು. ಕೈ ಎರಡೂ ಕೀಲಿಮಣೆಯ ಮೇಲಿರುವುದರಿಂದ ಧ್ವನಿಯನ್ನು ನಡೆಸುವುದು ಕಾಲಿನ ಪಾಲು. ಅದಕ್ಕಾಗಿ ಮೇಜಿನ ಕೆಳಗೆ ಮೂರು ಭಾಗಗಳ ಒಂದು ಪೆಡಲ್. ನಡುವಿನದನ್ನು ಒತ್ತಿದರೆ ಧ್ವನಿ ಓಡುತ್ತದೆ, ಬಲಗಡೆಯದು ಮುಂದಕ್ಕೆ ಒಯ್ಯುತ್ತದೆ, ಎಡಗಡೆಯದು ಹಿಂದಕ್ಕೆ ತರುತ್ತದೆ. ವೈದ್ಯರು ಮಾತು ನುಂಗಿದಾಗೆಲ್ಲ ಹಿಂದಕ್ಕೆ ಹೋಗಲೇಬೇಕು. ಹಾಗಾಗಿ ಹೆಚ್ಚು ತುಳಿತ ತಿನ್ನುವುದು ಎಡಗಡೆಯದೇ. ಪೂಜೆಯ ರಜೆ ಮುಗಿದ ಮೇಲಿನ ಮೊದಲ ಸೋಮವಾರ ಅವಳಿಗೆ ವೇಗದ ಪರೀಕ್ಷೆಯಿತ್ತು. ಗೆದ್ದರೆ ಕೆಲಸ ಕಾಯಂ, ಇಲ್ಲದಿದ್ದರೆ ಇಲ್ಲ.

ತರಬೇತಿಯಲ್ಲಿ ಕೊಟ್ಟಿದ್ದ ಪೆಡಲನ್ನು ಮರಳಿಸಿಯಾಗಿದ್ದರಿಂದ, ಪರೀಕ್ಷೆಗೆಂದೇ ಇಂಟರ್‌ನೆಟ್ಟಿನ ಅಂಗಡಿಯೊಂದರಿಂದ ಹೊಸ ಪೆಡಲ್ ತರಿಸಿದ್ದಳು. ಪೆಟ್ಟಿಗೆಯ ಅಂಟುಪಟ್ಟಿ ಬರುವಾಗಲೇ ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದಂತಿತ್ತು. ಎಡಗಡೆಯದು ಎಷ್ಟು ಒತ್ತಿದರೂ ಸತ್ತಂತಿತ್ತು. ದೂರು ಕಳಿಸಿದಳು. ಪೂಜೆ ಮುಗಿದ ಮೇಲೆ ಸಾಲ್ಟ್ ಲೇಕಿನ ನಮ್ಮ ಸೇವಾಕೇಂದ್ರಕ್ಕೆ ತನ್ನಿ ಎಂದು ಉತ್ತರ ಬಂತು. ಆ ಅಂಗಡಿಯ ಪುಟದಲ್ಲಿ, ಪೆಡಲಿನ ಚಿತ್ರದ ಕೆಳಗೆ, ಕೊಂಡವರು ತಮ್ಮ ಅನುಭವ ಬರೆಯುವ ಜಾಗವಿತ್ತು. ಗ್ರಾಹಕರ ಒಂದಕ್ಷರವನ್ನೂ ನಾವು ಮುಟ್ಟುವುದಿಲ್ಲ ಎಂದು ಅದರ ತಲೆಯ ಮೇಲೆಯೇ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದರು. ಅಲ್ಲಿ ಇಂದುಮತಿ ಅಂಟುಪಟ್ಟಿಯ ಸಂಗತಿಯನ್ನೂ ಎಡಗಡೆಯ ಸಂಗತಿಯನ್ನೂ ಬರೆದಳು. ಅವಳೊಂದಿಗೆ ತರಬೇತಿ ಪಡೆದ ಹೆಂಗಸರು ಅದನ್ನೋದಿ, ಅದೇ ಪೆಡಲ್ ತರಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟರು.

ನಡುವೆ ಆಯುಧಪೂಜೆಯ ದಿನ, ಖಂಡೇನವಮಿ ಬಂತು. ಊರೆಲ್ಲ ಪಂಡಾಲುಗಳ ಮುಂದೆ ನೆರೆದಿದ್ದಾಗ ಧಾರವಾಡದಿಂದ ಬಂದು ನೆಲೆಸಿದ ಇವರ ಮನೆಯಲ್ಲಿ ಅತ್ತೆ ಗಂಗೂಬಾಯಿ ಕತ್ತರಿ, ಈಳಿಗೆಮಣೆ, ಮಿಕ್ಸಿ, ಕಂಪ್ಯೂಟರು ಎಲ್ಲವನ್ನೂ ಒಂದೊಂದಾಗಿ ಪೂಜಿಸಿದರು. ಕೊನೆಗೆ ಬಟ್ಟಲು ಹಿಡಿದು ಪೆಡಲಿನ ಮುಂದೆ ಕುಳಿತರು.

“ಅತ್ತಿ, ಅದು ಕೆಟ್ಟದ. ವಾಪಸ್ ಕೊಡೂದದ,” ಎಂದಳು ಇಂದುಮತಿ.

“ಕೆಟ್ಟದ್ದಕ್ಕ ಮೊದಲ ಹಚ್ಚಬೇಕು. ಚೊಲೋ ಇದ್ದದ್ದು ತಾನಾಗೇ ನಡೀತದ.”

“ಕಾಲಿಂದ ತುಳಿಯೂದಕ್ಕ ಕುಂಕುಮ ಏನ್ರಿ?”

“ಹೊಲಿಗಿ ಮಷೀನ್ ಏನು ಕೈಯಿಂದ ತುಳೀತಿಯೇನು?”

ಇಂದುಮತಿ ನಕ್ಕು ಪೆಡಲನ್ನು ಅವರ ಮುಂದಕ್ಕೆ ಸರಿಸಿದಳು. ಮರಳಿಸಬೇಕಾದ ವಸ್ತುವಿಗೆ ಪೂಜೆ ಮಾಡಲು ಬಿಟ್ಟದ್ದು ತಪ್ಪೇ ಹೌದು. ಗಂಗೂಬಾಯಿ ನಡುವಿನ ಭಾಗಕ್ಕೆ ಒಂದು ಬೊಟ್ಟು ಅರಿಶಿಣ, ಒಂದು ಬೊಟ್ಟು ಕುಂಕುಮ ಇಟ್ಟರು.

ರಜೆ ಮುಗಿದ ಕೂಡಲೇ ಅತ್ತೆ ಸೊಸೆ ಇಬ್ಬರೂ ಸಾಲ್ಟ್ ಲೇಕಿಗೆ ಹೋದರು. ಗಂಗೂಬಾಯಿಗೆ ಸಾಲ್ಟ್ ಲೇಕ್ ನೋಡುವ ಆಸೆಯಿತ್ತು. ಸೇವಾಕೇಂದ್ರದ ಮುಖ್ಯಸ್ಥ ಸೇನ್‌ಗುಪ್ತ ಪೆಡಲನ್ನು ಬೆರಳ ತುದಿಯಿಂದ ತಿರುಗಿಸಿ ನೋಡಿದ.

“ಹೊರಗಿನ ಪದಾರ್ಥ ತಗುಲಿದೆ, ಮೇಡಂ. ಒಳಗೆ ನೀರು ಹೋಗಿದೆ. ಇದು ನಿಮ್ಮದೇ ತಪ್ಪು. ಬದಲಿ ಸಿಗುವುದಿಲ್ಲ,” ಎಂದ ಹಿಂದಿಯಲ್ಲಿ.

“ಪೂಜೆಗೆ ಮೊದಲೇ ದೂರು ಕೊಟ್ಟಿದ್ದೆನಲ್ಲ?”

“ದೂರು ಯಾರು ಬೇಕಾದರೂ ಕೊಡಬಹುದು,” ಎಂದವನು ಒಳಗೆ ಹೋದ.

ಕೌಂಟರಿನಲ್ಲಿದ್ದ ಹುಡುಗಿ ಬಗ್ಗಿ ಪಿಸುಗುಟ್ಟಿದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ನಮ್ರತಾ ಎಂದಿತ್ತು. “ಆಂಟಿ, ನಾನು ಬೆಂಗಳೂರಿನವಳು. ನೀವಿಬ್ರೂ ಮಾತಾಡೋದು ಕೇಳಿಸ್ತು. ಒಂದು ಕೆಲ್ಸ ಮಾಡಿ.” ಒದ್ದೆ ಟಿಶ್ಯೂ ಒಂದನ್ನು ಮುಂದಕ್ಕೆ ತಳ್ಳಿದಳು. “ಒರೆಸ್ಬಿಡಿ. ಹೊಸದು ಈಗ್ಲೇ ಕೊಡಿಸ್ತೀನಿ. ಆದ್ರೆ ನೀವು ಬರ್ದಿದ್ದೀರಲ್ಲ, ಅದನ್ನ ತೆಗೀಬೇಕು. ಸರ್ ಬೆಳಗ್ಗೆಯಿಂದ ಅದೇ ಹಿಡ್ಕೊಂಡು ಕೂತಿದ್ದಾರೆ. ಆ ಪೆಡಲ್ ಒಂದೂ ಹೋಗ್ತಿಲ್ವಂತೆ.”

ಇಂದುಮತಿಯ ಕಣ್ಣು ಹುಡುಗಿಯ ಹಿಂದಿನ ಕಪಾಟಿನತ್ತ ಹೋಯಿತು. ಅಲ್ಲಿ ಅದೇ ಪೆಡಲಿನ ಹೊಸ ಪೆಟ್ಟಿಗೆಗಳು ಸಾಲಾಗಿದ್ದವು. ಸೋಮವಾರದ ಪರೀಕ್ಷೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು.

“ತಂಗೀ, ಅರಿಶಿಣ ಕುಂಕುಮ ಒರಸು ಅಂತಿಯಲ್ಲ, ನಿಮ್ಮ ತಾಯಿ ಇದನ್ನ ಕಲಿಸ್ಯಾಳೇನು?” ಎಂದರು ಗಂಗೂಬಾಯಿ.

“ಅಜ್ಜಿ, ನಿಮ್ಗೆ ಒಳ್ಳೇದಾಗ್ಲಿ ಅಂತ ಹೇಳ್ದೆ.”

“ಒಳ್ಳೇದಕ್ಕ ಹೇಳೀಯವ್ವಾ, ನನಗ ಗೊತ್ತದ,” ಎಂದಳು ಇಂದುಮತಿ. “ಆದ್ರ ಒರಸಿದ್ರ ನಾನು ಏನೋ ಮುಚ್ಚಿಟ್ಟಂಗ ಆಗ್ತದ. ಈ ಪೆಡಲ್ ನಿಮ್ಮ ಕಂಪ್ಯೂಟರಿಗೆ ಹಚ್ಚು.”

“ಆಂಟಿ, ಸರ್ ಬೈತಾರೆ.”

“ನನಗ ಬೈಲಿ. ಹಚ್ಚು.”

ನಮ್ರತಾ ಒಳಬಾಗಿಲ ಕಡೆ ನೋಡಿ ತಂತಿ ಸಿಕ್ಕಿಸಿ, ಮಾದರಿ ಧ್ವನಿಯೊಂದನ್ನು ತೆರೆದಳು. ಇಂದುಮತಿ ಪೆಡಲನ್ನು ನೆಲಕ್ಕಿಡಲಿಲ್ಲ. ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲೆಯೇ ಇಟ್ಟು ಕುಂಕುಮವಿದ್ದ ನಡುಭಾಗವನ್ನು ಅಂಗೈಯಿಂದ ಒತ್ತಿದಳು. ಧ್ವನಿ ಓಡಿತು. ಬೊಟ್ಟು ತಗುಲದ ಎಡಗಡೆಯನ್ನು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ನಡು, ಮತ್ತೆ ಎಡ. ಸರದಿಯಲ್ಲಿ ನಿಂತಿದ್ದವರು ಕತ್ತು ಚಾಚಿದರು. ಸದ್ದು ಕೇಳಿ ಸೇನ್‌ಗುಪ್ತ ಹೊರಬಂದ.

“ಕುಂಕುಮ ಇರುವುದು ಇಲ್ಲಿ. ಇದು ನಡೆಯುತ್ತದೆ. ಕೆಟ್ಟಿರುವುದು ಇದು. ಇದಕ್ಕೆ ಏನೂ ತಗುಲಿಲ್ಲ. ನೀರು ಎಲ್ಲಿಂದ ಹೋಯಿತು, ತೋರಿಸಿ,” ಎಂದಳು ಇಂದುಮತಿ, ಅವನದೇ ಹಿಂದಿಯಲ್ಲಿ.

ಸರದಿಯಲ್ಲಿದ್ದ ಮುದುಕರೊಬ್ಬರು “ಠಿಕ್ ಬೊಲ್‌ಛೇನ್,” ಸರಿಯಾಗಿ ಹೇಳುತ್ತಿದ್ದಾರೆ, ಎಂದು ಬಂಗಾಳಿಯಲ್ಲಿ ತಲೆಯಾಡಿಸಿದರು. ಸೇನ್‌ಗುಪ್ತ ತಂತಿ ಕಿತ್ತು ದನಿ ತಗ್ಗಿಸಿದ. “ವಾದ ಬೇಡ, ಮೇಡಂ. ಪೆಡಲ್ ಬದಲಾಯಿಸೋಣ. ನೀವು ಬರೆದದ್ದನ್ನು ಮೊದಲು ತೆಗೆಯಿರಿ. ಎರಡೂ ಒಟ್ಟಿಗೆ ಆಗಬೇಕು.”

“ನಾನು ಬರೆದದ್ದರಲ್ಲಿ ಸುಳ್ಳು ಯಾವುದು?”

“ಸುಳ್ಳು ಅಂತ ನಾನು ಹೇಳಲಿಲ್ಲ.”

“ಹಾಗಾದರೆ ತೆಗೆಯುವುದಿಲ್ಲ.”

“ಪೆಡಲೂ ಇಲ್ಲ. ನಿಮ್ಮ ಬರಹವನ್ನು ನಾವೇ ಅಳಿಸುತ್ತೇವೆ.”

“ಅಳಿಸಿ. ನಿಮ್ಮ ಕೈಯಿಂದ ಅಳಿಸಿ. ಮುಟ್ಟುವುದಿಲ್ಲ ಎಂದು ಬರೆದುಕೊಂಡವರು ನೀವು. ನನ್ನ ಕೈ ಈ ಕೆಲಸಕ್ಕೆ ಸಿಗುವುದಿಲ್ಲ.”

ಕೆಟ್ಟ ಪೆಡಲನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು. ಬಸ್ಸಿನಲ್ಲಿ ಗಂಗೂಬಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, “ನಾನು ಹಚ್ಚಿರಲಿಲ್ಲಂದ್ರ ಕೊಡ್ತಿದ್ರೇನ?” ಎಂದರು.

“ಇಲ್ಲ ಅತ್ತಿ. ಬ್ಯಾರೆ ನೆವ ಹುಡುಕ್ತಿದ್ರು.”

ಸೋಮವಾರ ಅವಳು ಪೆಡಲಿಲ್ಲದೆ ಪರೀಕ್ಷೆಗೆ ಕುಳಿತಳು. ಕೀಲಿಮಣೆಯ ಮೇಲ್ಸಾಲಿನ ಕೀಲಿಗಳಿಂದಲೂ ಧ್ವನಿಯನ್ನು ಹಿಂದಕ್ಕೆ ತರಬಹುದಿತ್ತು. ಆದರೆ ಪ್ರತಿ ಸಲವೂ ಟೈಪು ನಿಲ್ಲಿಸಿ ಕೈ ಎತ್ತಬೇಕು. ವೈದ್ಯ ಮಾತು ನುಂಗುತ್ತಲೇ ಹೋದ, ಅವಳು ಕೈ ಎತ್ತುತ್ತಲೇ ಹೋದಳು. ಸಂಜೆ ಫಲಿತಾಂಶ ಬಂತು: ತಪ್ಪುಗಳಿಲ್ಲ, ವೇಗ ಸಾಲದು, ಕಾಯಂ ಮಾಡಲಾಗದು, ಮುಂದಿನ ಪರೀಕ್ಷೆಗೆ ಕೂರಬಹುದು. ಅವಳು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು, ಅಂಗಡಿಯ ಪುಟ ತೆರೆದಳು. ಪೆಡಲಿನ ಚಿತ್ರದ ಕೆಳಗೆ ಅವಳ ಮಾತು ಇರಲಿಲ್ಲ.

“ತಗದಾರೇನು?” ಹಿಂದೆ ಬಂದು ನಿಂತಿದ್ದ ಗಂಗೂಬಾಯಿ ಕೇಳಿದರು.

“ತಗದಾರ.”

“ಮತ್ತ?”

ಇಂದುಮತಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಂಟುಪಟ್ಟಿಯಿಂದ ಶುರುಮಾಡಿ ಮೊದಲಿನದೆಲ್ಲವನ್ನೂ ಮತ್ತೆ ಟೈಪ್ ಮಾಡಿದಳು. ಅದರ ಕೆಳಗೆ, ತಾವು ಕುಂಕುಮ ಹಚ್ಚಿದ್ದು ಯಾವ ಭಾಗಕ್ಕೆ, ಯಾವಾಗ ಎಂಬುದನ್ನೂ ಮುಚ್ಚದೆ ಸೇರಿಸಿದಳು. ಆಮೇಲೆ ಸೇನ್‌ಗುಪ್ತ ಆಡಿದ ಮಾತುಗಳನ್ನು, ಅವನು ಆಡಿದ ಕ್ರಮದಲ್ಲಿಯೇ, ಒಂದೊಂದಾಗಿ ಬರೆಯತೊಡಗಿದಳು.