ಕಡೀಲಿಂದ ಸುರು

ಮರಿಲಿಂಗಮ್ಮ ಟೀಚರ್ ತರಗತಿಗೆ ಕಾಲಿಟ್ಟರೆ ಕರಿಹಲಗೆಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಬೆಂಚುಗಳ ನಡುವೆ ಬಿರುಗಾಳಿಯ ಹಾಗೆ ಹಾಯ್ದು, ಹಿಂದಿನ ಗೋಡೆಗೆ ಬೆನ್ನು ಆನಿಸಿ ನಿಂತು, "ಕಡೀಲಿಂದ ಸುರು ಮಾಡೋಣು" ಅನ್ನುತ್ತಿದ್ದರು. ಮಕ್ಕಳೇ ಕತ್ತು ಹೊರಳಿಸಿಕೊಳ್ಳಬೇಕು. ಬೋನಾಳದ ದಾರಿಯ ಆ ಸರಕಾರಿ ಶಾಲೆಯಲ್ಲಿ ಮುಂದಿನ ಬೆಂಚಿನ ಗತ್ತು ಇಳಿಸಿದ ಹೆಣ್ಣುಮಗಳು ಅವರು.

ಸೀರೆಯ ಮೇಲೆ ಗಂಡಸಿನ ಖಾಕಿ ಕೋಟು, ಬೇಸಿಗೆಯಲ್ಲೂ. ಕಾಲುವೆಯ ಗೇಟಿನ ಕೆಲಸಕ್ಕಿದ್ದ ಅಪ್ಪನದು. ಒಂದು ಕಾಲಕ್ಕೆ ಗೇಟಿನ ಕೀಲಿ ಇರುತ್ತಿದ್ದ ಜೇಬಿನಲ್ಲಿ ಈಗ ಚಾರ್ಜರಿನ ವಯರುಗಳು ಗಂಟು ಬಿದ್ದಿರುತ್ತಿದ್ದವು. ನಡಿಗೆಯಂತೂ ಬದುವಿನ ಮೇಲೆ ನಡೆದು ಬೆಳೆದವರದು: ಒಂದೇ ಗೆರೆ, ಅತ್ತಿತ್ತ ನೋಟವಿಲ್ಲ.

ಶಾಲೆಗೆ ಟ್ಯಾಬುಗಳು ಬಂದಾಗ ಹೆಡ್ಮಾಸ್ತರ ಖಂಡಪ್ಪನವರು ಅವಕ್ಕೆ ಕುಂಕುಮ ಹಚ್ಚಿ, ಫೋಟೊ ತೆಗೆಸಿ, ಅಲಮಾರಿಗೆ ಬೀಗ ಜಡಿದರು. "ಒಡದ್ರ ಯಾರು ಜವಾಬ್ದಾರಿ?" ಎಂಬುದೇ ಅವರ ಚಿಂತೆ.

"ನಾನರಿ. ಕೀಲಿ ಕೊಡ್ರಿ" ಎಂದರು ಟೀಚರ್.

ಟ್ಯಾಬು ಕಡಿಮೆ, ಮಕ್ಕಳು ಜಾಸ್ತಿ. ಕರೆಂಟು ಮುಂಜಾನೆ ಮುಖ ತೋರಿಸಿ ಹೋದರೆ ಅರ್ಧ ಚಾರ್ಜಷ್ಟೇ. ಮುಂದಿನವರ ಕೈಯಿಂದ ದಾಟುತ್ತ ದಾಟುತ್ತ ಹಿಂದಿನವರಿಗೆ ಬರುವಷ್ಟರಲ್ಲಿ ಪರದೆ ಕಪ್ಪು. ಕಾಲುವೆಯ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಾಯಿಯ ಗದ್ದೆಗಳು ಕುಡಿದ ಮೇಲೆ ಕೊನೆಯ ಹೊಲಕ್ಕೆ ನೀರು ಉಳಿಯುವುದಿಲ್ಲ. ಆ ನೀರು ಕೇಳಿ ಶಹಾಪುರದ ರಸ್ತೆಗೆ ಅಡ್ಡ ಮಲಗಿದ ರೈತ ಸಂಘದವರು ನಾವು. ಲಾಠಿ ಬಂತು, ನೀರು ಬರಲಿಲ್ಲ. ಟೀಚರ್ ಮಾಡಿದ್ದಿಷ್ಟೇ: ಮರುದಿನದಿಂದ ಪಾಠದ ಹಾಗೆ ಟ್ಯಾಬನ್ನೂ ಮೊದಲು ಹಿಂದಿನ ಬೆಂಚಿಗೆ ಕೊಟ್ಟರು.

ಶಾಲಾ ಸಮಿತಿಯ ಅಧ್ಯಕ್ಷ ಲಿಂಗಣ್ಣನ ಮಗ ಮುಂದಿನ ಬೆಂಚಿನವ. ಲಿಂಗಣ್ಣನ ಗದ್ದೆಯೂ ಕಾಲುವೆಯ ಬಾಯಿಗೇ. ಅವನು ಬಂದು ಗುಡುಗಿದ: "ನನ್ನ ಮಗ ಮುಂದ ಕುಂತು ಏನು ಪಾಪ ಮಾಡ್ಯಾನ? ಪಾಳಿ ತಿರುಗಿಸ್ರಿ. ಇಲ್ಲಂದ್ರ ಟ್ಯಾಬೆಲ್ಲ ಅಲಮಾರಿಗಿ!" ಖಂಡಪ್ಪ ಮಾಸ್ತರರ ಕೈ ಆಗಲೇ ಬೀಗ ತಡಕುತ್ತಿತ್ತು. ಸುದ್ದಿ ತಿಳಿದು ನಾನೂ ಘೋಷಣೆ ಕೂಗಲು ಗಂಟಲು ಸರಿಮಾಡಿಕೊಂಡು ಹೋಗಿದ್ದೆ.

"ಕಾಕಾ, ಘೋಷಣಿ ಬ್ಯಾಡ್ರಿ, ಪಾಠ ನಡದದ" ಎಂದು ನನ್ನನ್ನು ತಡೆದ ಟೀಚರ್ ಲಿಂಗಣ್ಣನ ಕಡೆ ತಿರುಗಿದರು. "ಗೌಡ್ರ, ಬರ್ರಿ. ಇವತ್ತ ಮುಂದಿನಿಂದಲೇ ಸುರು. ನೀವು ಹಿಂದ ಕರೆಮ್ಮನ ಬಾಜೂಕ ಕುಂದರ್ರಿ. ನಿಮ್ಮ ಪಾಳಿನೂ ಬರ್ತದ."

ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಲಿಂಗಣ್ಣ ಕೂತ. ಅವನ ಮಗ ಎಲ್ಲರಿಗಿಂತ ಹೆಚ್ಚು ಹೊತ್ತು ಆಡಿದ.

"ಎಲ್ಲಿಗಿ ಬಂತವ್ವ?" ಎಂದು ಲಿಂಗಣ್ಣ ಇಣುಕಿದ.

"ಇನ್ನಾ ಮುಂದೇ ಅದರಿ" ಎಂದಳು ಕೂಲಿಯವರ ಮಗಳು ಕರೆಮ್ಮ.

ಕೊನೆಗೆ ಬಂತು, ಕಪ್ಪಗೆ. ಲಿಂಗಣ್ಣ ಒತ್ತಿದ, ಅಲುಗಿಸಿದ. "ಸತ್ತೇ ಹೋಗ್ಯದಲ್ಲ ಇದು!"

"ಮೊದಲ ದಿನಾ ಹಿಂಗೇ ಇತ್ತರಿ." ಹುಡುಗಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಒಣ ಕಾಲುವೆ ನೋಡಿ ನೋಡಿ ರೂಢಿಯಾದವರ ಮುಖ ಅದು. ಲಂಗದ ಅಂಚಿನಿಂದ ಗಾಜು ಒರೆಸಿ, ಮರಳಿಸಲು ಎದ್ದು ನಿಂತಳು.

"ನಿಮ್ಮ ಮಗಗ ಮನ್ಯಾಗ ನಿಮ್ಮ ಮೊಬೈಲ್ ಅದ. ಇಕಿಗಿ ಇದೊಂದೇ. ಈಗ ಹೇಳ್ರಿ ಗೌಡ್ರ, ಪಾಳಿ ಎಲ್ಲಿಂದ?" ಎಂದರು ಟೀಚರ್.

ಲಿಂಗಣ್ಣ ಧೋತರ ಝಾಡಿಸಿ ಎದ್ದ. "ನಿನ್ನ ಬಾಯಿಗಿ ಯಾರು ಹತ್ತಬೇಕವ್ವ! ಏನರ ಮಾಡ್ಕೊ" ಎಂದು ಹೊರಟ. ಘೋಷಣೆಗಾಗಿ ತೆರೆದ ನನ್ನ ಬಾಯಿ ತೆರೆದೇ ಉಳಿದಿತ್ತು.

ಮನಸ್ಸು ಕರಗಿ ಅವನು ನೀರು ಬಿಟ್ಟನೆಂದು ಬರೆದರೆ ಸುಳ್ಳಾದೀತು. ಕೊನೆಯ ಹೊಲಗಳು ಇಂದಿಗೂ ಒಣಗಿವೆ. ಅಲಮಾರಿಗೆ ಮಾತ್ರ ಮತ್ತೆ ಬೀಗ ಬೀಳಲಿಲ್ಲ. ಟೀಚರ್ ತಿಂಥಣಿ ಕಡೆಗೆ ವರ್ಗವಾಗಿ ಹೋದ ಮೇಲೆ, ಅಂಜುಬುರುಕ ಖಂಡಪ್ಪ ಮಾಸ್ತರರೇ ಟ್ಯಾಬುಗಳನ್ನು ಎದೆಗವಚಿಕೊಂಡು ಹಿಂದಿನ ಗೋಡೆಗೆ ನಡೆಯುತ್ತಾರೆ.

ಮರಿಲಿಂಗಮ್ಮ ಟೀಚರಂಥವರು ವೇದಿಕೆಗೆ ದಕ್ಕುವವರಲ್ಲ. ಕೈಗೆ ಸಿಕ್ಕಿದ್ದು ಒಂದೇ ಕೋಣೆಯಾದರೆ ಆ ಕೋಣೆಯ ಮಟ್ಟಿಗೆ ನ್ಯಾಯ ಮಾಡಿ ಮುಗಿಸಿ, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಕರೆದು ಮೈಕು ಕೊಟ್ಟೆವೋ, ಎದ್ದು ನಿಂತು, ಸಭೆಯ ತೀರ ಹಿಂದೆ ಯಾರು ಕೂತಿದ್ದಾರೆಂದು ನೋಡುತ್ತಾರೆ.