ಸಂಪಿಗೆಕೊಪ್ಪಲಿಗೆ ಕೊಟ್ಟ ವೀಳ್ಯ

"ಒಬ್ರೂ ಇಲ್ದಿರೋ ದೇಶಕ್ಕೆ ಯಾರ ಕೈಗೆ ವೀಳ್ಯ ಕೊಡ್ಲಿ?"

ಗಗನ ಇದನ್ನು ಯಾರನ್ನೂ ಕೇಳಿದ್ದಲ್ಲ. ಮಂಡ್ಯದ ಗುತ್ತಲಿನ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ನಡುಮನೆಯಲ್ಲಿ ಅವಳೊಬ್ಬಳೇ ಕೂತಿದ್ದಳು. ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದ ಅಜ್ಜಿ ದೇವಿರಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಕಾಳಿನ ಮೇಲೆ ಓಡಿತು.

ಗಗನ ವಿದೇಶಾಂಗ ಮಂತ್ರಿ. ಅವಳ ದೇಶ ತೊರೆನಾಡಿಗೆ ಒಂದು ಹಿಡಿ ಮಣ್ಣೂ ಇರಲಿಲ್ಲ, ಇದ್ದದ್ದೆಲ್ಲ ಇಂಟರ್‌ನೆಟ್ಟಿನಲ್ಲಿ. ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ನಯಾಜ್ ಪಾಷಾ ಅದರ ರಾಷ್ಟ್ರಪತಿ. ಲಾಕ್‌ಡೌನಿನ ಬೇಸರಕ್ಕೆ ಇಬ್ಬರೂ ಕಟ್ಟಿದ ಆಟ ಅದು. ಬಾವುಟ ಬಂತು, ಸಂವಿಧಾನ ಬಂತು, ಎಲ್ಲೆಲ್ಲಿಂದಲೋ ಪ್ರಜೆಗಳೂ ಬಂದರು. ಇಂಥ ದೇಶಗಳು ಜಗತ್ತಿನ ತುಂಬ ಇವೆ. ದೊಡ್ಡ ಸರ್ಕಾರಗಳು ಇವರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ಇವರಿವರೇ ಒಬ್ಬರಿಗೊಬ್ಬರು 'ಹೌದಪ್ಪ, ನಿನ್ನದೂ ಒಂದು ದೇಶ' ಎಂದು ಒಪ್ಪಿಗೆ ಕೊಟ್ಟುಕೊಳ್ಳಬೇಕು. ಅರ್ಜಿ ಬರುತ್ತದೆ, ವಿಚಾರಣೆ ನಡೆಯುತ್ತದೆ. ಒಪ್ಪಿದ ಮೇಲೆ ಒಬ್ಬರ ಜಾಲತಾಣದಲ್ಲಿ ಇನ್ನೊಬ್ಬರಿಗೆ ಮಾತಾಡಲು ಒಂದು ಕೋಣೆ. ಅದೇ ರಾಯಭಾರ ಕಚೇರಿ.

ಇದಕ್ಕೆ ಗಗನ ತನ್ನದೊಂದು ಪದ್ಧತಿ ಸೇರಿಸಿದ್ದಳು. ಅಜ್ಜಿ ಬೆಳೆದ ಕೆರಗೋಡಿನಲ್ಲಿ ಊರಿಗೂ ಊರಿಗೂ ಮಾತು ಕೂಡುವಾಗ ವೀಳ್ಯ ಕೊಡುತ್ತಿದ್ದರಂತೆ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ನೀಡಿದರೆ 'ನೀವು ನಮ್ಮ ಸರೀಕರು' ಎಂದ ಹಾಗೆ. ಎತ್ತಿ ಬಾಯಿಗೆ ಹಾಕಿಕೊಂಡರೆ ಒಪ್ಪಿದ ಹಾಗೆ. ರಸ ನುಂಗುವ ಮುಂಚೆ ಉಗಿದುಬಿಟ್ಟರೆ ಮಾತು ಮುರಿಯಿತು; ನುಂಗಿದ ಮೇಲೆ ದೇವರೇ ಬಂದು ಹೇಳಿದರೂ ಬಿಡುವ ಹಾಗಿಲ್ಲ. ಗಗನ ಹಿತ್ತಾಳೆ ತಟ್ಟೆಯ ಫೋಟೋ ಕಳಿಸುತ್ತಿದ್ದಳು, ಆ ಕಡೆಯವರು ತಾವು ಎಲೆ ಹಿಡಿದ ಫೋಟೋ ಕಳಿಸಬೇಕು. ಎಲ್ಲೋ ಹಿಮದ ನಾಡಿನಲ್ಲಿ ತನ್ನ ಗ್ಯಾರೇಜಿಗೇ ಚಕ್ರವರ್ತಿಯಾಗಿದ್ದವನೊಬ್ಬ ವೀಳ್ಯದೆಲೆ ಸಿಗದೆ ಪಾಲಕ್ ಸೊಪ್ಪು ಹಿಡಿದು ನಿಂತಿದ್ದ.

ಈ ದೇಶಗಳ ಆಯುಸ್ಸು ಕಡಿಮೆ. ಚಕ್ರವರ್ತಿಗೆ ಪರೀಕ್ಷೆ ಬರುತ್ತದೆ, ರಾಣಿಗೆ ಮದುವೆಯಾಗುತ್ತದೆ, ದೇಶ ಸದ್ದಿಲ್ಲದೆ ಸಾಯುತ್ತದೆ. ಮಿಕ್ಕವರು ಅಂಥವರ ಕೋಣೆಯನ್ನು ಅಳಿಸಿ ಹಾಕುತ್ತಾರೆ. ಗಗನಳಿಗೆ ಅದಕ್ಕೆ ಕೈ ಬರುತ್ತಿರಲಿಲ್ಲ. ದೇವರಿಗೆ ದೀಪ ಹಚ್ಚಿದ ಮೇಲೆ ಒಂದೊಂದು ಖಾಲಿ ಕೋಣೆಗೂ ಹೋಗಿ ಒಂದು ನಮಸ್ಕಾರ ಹಾಕಿ ಬರುತ್ತಿದ್ದಳು. ನಮ್ಮ ದೇಶದಲ್ಲಿ ಬದುಕಿರೋರಿಗಿಂತ ಸತ್ತವರ ಆಫೀಸೇ ಜಾಸ್ತಿ ಎಂದು ನಯಾಜ್ ಆಡಿಕೊಳ್ಳುತ್ತಿದ್ದ.

ಈಗ ಬಂದಿದ್ದ ಅರ್ಜಿ ಮಳವಳ್ಳಿ ಕಡೆಯದು. ದೇಶದ ಹೆಸರು ಸಂಪಿಗೆಕೊಪ್ಪಲು. ಎಲ್ಲೆ: ಮಾರಮ್ಮನ ಕಲ್ಲಿನಿಂದ ಹುಣಸೆಮರದವರೆಗೆ. ಜನಸಂಖ್ಯೆ: ಸೊನ್ನೆ. ಬಾವುಟ ಇರಬೇಕಾದ ಜಾಗದಲ್ಲಿ, ಪೊದೆಯ ಮೇಲೆ ಒಣಗಹಾಕಿದ ಪುಟ್ಟ ಕೂಸಿನ ಲಂಗ. ಅರ್ಜಿಯ ಕೊನೆಗೆ ಒಂದು ಮಾತು: 'ಸತ್ತವರ ಬಾಗಿಲು ಮುಚ್ಚದ ನಾಡು ನಿಮ್ಮದೆಂದು ಕೇಳಿ ಬಂದಿದ್ದೇವೆ.'

ಕಾಲೇಜಿನ ಯಾವನೋ ತರಲೆಯವನ ಕೆಲಸ ಎಂದುಕೊಂಡ ನಯಾಜ್, ಅಂಗಡಿ ರಜೆಯ ದಿನ ಬೈಕಿನಲ್ಲಿ ಹೋಗಿ ನೋಡಿ ಬಂದ. ಊರಿದ್ದದ್ದು ನಿಜವಂತೆ. ಎಷ್ಟೋ ವರ್ಷದ ಹಿಂದೆ ಸಿಡುಬು ಬಂದು ಮನೆಮನೆಯೇ ಮಲಗಿತಂತೆ. ಒಂದು ಹೆಣ್ಣು ಕೂಸನ್ನು ಮಾತ್ರ ಯಾರೋ ಎತ್ತಿಕೊಂಡು ಹೋದರಂತೆ, ಆ ಕೂಸು ತಿರುಗಿ ಬರುವವರೆಗೂ ಊರಿನವರು ಕಾಯುತ್ತಾರೆ ಎಂದು ಅಲ್ಲಿ ಕಬ್ಬು ಕಡಿಯುತ್ತಿದ್ದವರು ಹೇಳಿದರಂತೆ. ಈಗ ಅಲ್ಲಿ ಉಳಿದಿರುವುದು ಕಲ್ಲು, ಹುಣಸೆಮರ, ಗೋಡೆಗಳ ಬುಡ. ಇಷ್ಟನ್ನು ನಗುತ್ತಲೇ ಹೇಳಿದ ನಯಾಜ್ ಆಮೇಲೆ ದನಿ ತಗ್ಗಿಸಿದ. ಮನೆಗಳಿದ್ದ ಜಾಗದ ಮುಂದೆಲ್ಲ ನೆಲ ಗುಡಿಸಿತ್ತು. ಪೊರಕೆಯ ಗೆರೆ ಹಸಿಹಸಿಯಾಗಿತ್ತು, ಒಂದು ಹೆಜ್ಜೆ ಗುರುತೂ ಇರಲಿಲ್ಲ.

"ತಮಾಸೆ ಮಾಡೋರು ಕಸ ಗುಡ್ಸಾಕಿಲ್ಲ ಕಣಮ್ಮ," ಅಂದ. "ನನ್ ಮಾತ್ ಕೇಳು, ಒಪ್ಕೋಬ್ಯಾಡ."

ಗಗನ ಕೇಳಲಿಲ್ಲ. ಒಂದು ಊರು ಬಾಗಿಲಿಗೆ ಬಂದು 'ನಾವು ಇದ್ದೀವಿ ಅನ್ನಿ' ಎಂದು ಕೇಳಿದರೆ ಇಲ್ಲ ಅನ್ನಲು ಅವಳ ನಾಲಿಗೆ ಏಳಲಿಲ್ಲ. ತಟ್ಟೆ ತೊಳೆದು, ಎರಡು ಎಲೆ, ಒಂದು ಅಡಿಕೆ, ಚಿಟಿಕೆ ಸುಣ್ಣ ಇಟ್ಟು ಫೋಟೋ ಕಳಿಸಿದಳು. ತಕ್ಷಣ ಉತ್ತರ ಬಂತು: 'ಚಿತ್ರ ಸಾಲದು ತಾಯಿ. ತಟ್ಟೆ ಜಗಲಿಯ ಮೇಲಿರಲಿ. ನಮ್ಮವರು ಎತ್ತಿಕೊಳ್ಳುತ್ತಾರೆ.'

ತನ್ನ ಮನೆಗೆ ಜಗಲಿ ಇರುವುದು ಇವರಿಗೆ ಹೇಗೆ ಗೊತ್ತು ಎಂದು ಅವಳಿಗೆ ಹೊಳೆದದ್ದು ತಟ್ಟೆಯನ್ನು ಅಜ್ಜಿಯ ಪಕ್ಕದಲ್ಲಿಟ್ಟು ಒಳಗೆ ಬಂದ ಮೇಲೆ. ಹೊರಗೆ ಅಜ್ಜಿ ಎಂದಿನ ಹಾಡು ಹೇಳಿಕೊಳ್ಳುತ್ತಿದ್ದಳು. ದೇವಿರಮ್ಮನನ್ನು ಸಾಕಿದವಳು ಕೆರಗೋಡಿನ ಸೋದರತ್ತೆ. ಹುಟ್ಟಿದ ಊರು ಯಾವುದೆಂದು ಯಾರು ಕೇಳಿದರೂ ಅವಳು ಹೆಸರು ಹೇಳದೆ ಈ ಹಾಡು ಶುರುಮಾಡುತ್ತಿದ್ದಳು, ಎರಡು ಸಾಲಿಗೆ ನಿಲ್ಲಿಸುತ್ತಿದ್ದಳು. ಮುಂದಿನದು ಮರೆತಿದೆ ಅನ್ನುತ್ತಿದ್ದಳು.

ಹುಣಸೆಯ ನೆರಳಾಗೆ ಕೆಂಪಸಿದ್ದ ಕುಂತವ್ನೆ
ಪಟ್ಟಲಮ್ಮ ನೀರ ಸೇದವ್ಳೆ

ಹಾಡು ನಿಂತಿತು. ಅದೇ ಹೊತ್ತಿಗೆ ಸಂಪಿಗೆಕೊಪ್ಪಲಿಗೆಂದು ತೆರೆದ ಹೊಸ ಕೋಣೆಯಲ್ಲಿ ಎರಡು ಸಾಲು ಮೂಡಿದವು. ಗಗನ ಓದಿದಳು. ಪದ್ಯ ಕಂಡರೆ ದನಿಯೆತ್ತಿ ಓದುವುದು ಆ ಮನೆಯ ಅಭ್ಯಾಸ; ಬಾಯಿ ತಾನಾಗಿ ತೆರೆಯಿತು.

ಬಿಸಿಹಿಟ್ಟು ಆರ್ಯಾವು, ಕದವೆಲ್ಲ ತೆರೆದಾವು
ಇನ್ಯಾಕೆ ಬರಲಿಲ್ಲ ದೇವೀರಿ

ಕೊನೆಯ ಹೆಸರು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಕಬ್ಬು ಕಡಿಯುವವರು ಹೇಳಿದ ಕೂಸು ಯಾವುದೆಂದು ತಿಳಿಯಿತು. ಕರೆಯುವವರ ಬಾಯಿಗೆ ತನ್ನ ದನಿಯನ್ನೇ ಕೊಟ್ಟಿದ್ದಳು. ಜಗಲಿಯಲ್ಲಿ ಕಾಳು ಹಿದುಕುವ ಸದ್ದಿರಲಿಲ್ಲ. ತೆರೆಯ ಮೇಲೆ, ಜನಸಂಖ್ಯೆ ಎಂದಿದ್ದ ಕಡೆ ಸೊನ್ನೆ ಹೋಗಿ ಒಂದು ಬಂದಿತ್ತು.

ಓಡಿ ಬಂದಳು. ತಟ್ಟೆಯಲ್ಲಿ ಸುಣ್ಣದ ಗೀರು ಮಾತ್ರ ಉಳಿದಿತ್ತು. ಅಜ್ಜಿ ಸೆರಗು ಹೊದ್ದು, ಎಲ್ಲಿಗೋ ಹೊರಟವಳ ಹಾಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ತುಟಿ ಕೆಂಪಾಗಿತ್ತು. ಅವಳ ಕಾಲ ಕೆಳಗೆ, ಹಾಸುಗಲ್ಲಿನ ಧೂಳಿನಲ್ಲಿ, ಯಾರೋ ಈಗಷ್ಟೇ ಎಳೆದ ಹಾಗೆ ಪೊರಕೆಯ ಗೆರೆಗಳಿದ್ದವು. ಬೀದಿ ಬಿಸಿಲಿನಲ್ಲಿ ಖಾಲಿಯಾಗಿತ್ತು.

"ಅಜ್ಜಿ, ನುಂಗ್ಬ್ಯಾಡ." ಗಗನ ಮಂಡಿಯೂರಿ ಅಜ್ಜಿಯ ಗಲ್ಲದ ಕೆಳಗೆ ಬೊಗಸೆ ಹಿಡಿದಳು. "ನಿನ್ನ ಕಾಲಿಗೆ ಬೀಳ್ತೀನಿ, ಉಗುದ್ಬುಡು. ತಪ್ಪು ನಂದು. ನಾನು ಆಟ ಅಂತ ಕೊಟ್ಟಿದ್ದು."

ದೇವಿರಮ್ಮ ಮೊಮ್ಮಗಳ ಬೊಗಸೆಯನ್ನು ನೋಡಿದಳು. ಆಮೇಲೆ ಅವಳ ತಲೆಯ ಮೇಲಿಂದ ಬೀದಿಯ ಕಡೆ, ಅಲ್ಲಿ ನಿಂತವರಿಗೆ ಸ್ವಲ್ಪ ತಾಳಿ ಅನ್ನುವವಳ ಹಾಗೆ ಕತ್ತು ಆಡಿಸಿದಳು. ಗಂಟಲು ಒಮ್ಮೆ ಏರಿ ಇಳಿಯಿತು.

"ಉಗಿಯಾಕಿಲ್ಲ ಕಣವ್ವ," ಅಂದಳು.